ಶಾಲೆಯ ಕಾಂಕ್ರೀಟ್ ಕೊಯ್ಯಿಸುವ ಮುನ್ನ: ಸ್ಥಳೀಯ ಗುತ್ತಿಗೆದಾರರೊಡನೆ ಪಾಲಕರು ಬರೆಸಿಕೊಳ್ಳಬೇಕಾದ ಮಾತು

ಮಂಗಳವೇಢೆ: ಮಳೆಗಾಲ ಮುಗಿಯುತ್ತಿದ್ದಂತೆ ಗಡಿಭಾಗದ ಶಾಲೆಗಳಿಂದ ಒಂದೇ ಬಗೆಯ ದೂರುಗಳು ಕೇಳಿಬರುತ್ತವೆ. ವರ್ಗಕೋಣೆಯ ಸ್ಲ್ಯಾಬಿನಿಂದ ಗಿಲಾವಿನ ಹೆಂಟೆ ಕಳಚಿ ಬಿದ್ದಿದೆ. ಕಿಟಕಿಯ ಮೇಲಿನ ಛಜ್ಜಾದಲ್ಲಿ ತುಕ್ಕು ಹಿಡಿದ ಕಬ್ಬಿಣದ ಸಳಿಗಳು ಹೊರಗೆ ಕಾಣುತ್ತಿವೆ. ಗೋಡೆ ಮೂಲೆಯಿಂದ ಓರೆಯಾಗಿ ಸೀಳಿದೆ. ಶೌಚಾಲಯದ ಕೊಳವೆಗಾಗಿ ನೆಲವನ್ನು ಒಡೆಯಬೇಕಾಗಿದೆ. ಇಂಥ ಪ್ರಸಂಗದಲ್ಲಿ ಶಾಲಾ ಸಮಿತಿಯ ಸಭೆಯಲ್ಲಿ ಕೇಳುವ ಮಾತೂ ಒಂದೇ: "ನಮ್ಮೂರ ಗುತ್ತಿಗೆದಾರನೇ ಇದ್ದಾನೆ, ಅವನಿಗೆ ಹೇಳಿದರಾಯಿತು."

ಈ ಮಾತು ತಪ್ಪಲ್ಲ. ಊರಿನ ಗುತ್ತಿಗೆದಾರನು ಕರೆದರೆ ಬರುತ್ತಾನೆ. ಕೆಲಸ ಕೆಟ್ಟರೆ ಜಾತ್ರೆಯಲ್ಲಿಯೂ ಸಂತೆಯಲ್ಲಿಯೂ ನಮಗೆ ಎದುರಾಗುತ್ತಾನೆ. ದೂರದ ನಗರದ ಸಂಸ್ಥೆಗೆ ಈ ಹಂಗಿಲ್ಲ. ಆದರೆ ಈ ಅನುಕೂಲ ನಮ್ಮ ಕೈಗೆ ಸಿಗುವುದು ಅವನು ಏನು ಮಾಡಲು ಒಪ್ಪಿದ್ದನೆಂಬುದು ಕಾಗದದ ಮೇಲೆ, ಪಾಲಕರು ಓದಬಲ್ಲ ಭಾಷೆಯಲ್ಲಿ ಇದ್ದಾಗ ಮಾತ್ರ. "ನಮ್ಮವನೇ" ಎಂಬ ಸಲುಗೆ ಕರಾರಿನ ಸ್ಥಾನವನ್ನು ತುಂಬಲಾರದು. ಆ ಕಾಗದದಲ್ಲಿ ಏನೇನಿರಬೇಕು, ಏಕಿರಬೇಕು ಎಂಬುದನ್ನು ಕನ್ನಡ ಮಾಧ್ಯಮ ಶಾಲೆಗಳ ಪಾಲಕರಿಗಾಗಿ ಇಲ್ಲಿ ವಿವರಿಸುತ್ತೇವೆ.

ಇದು ಬರಿಯ ಸುಣ್ಣಬಣ್ಣದ ವಿಷಯವಲ್ಲ

2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪಲೋದಿ ಗ್ರಾಮದಲ್ಲಿ ಸರಕಾರಿ ಶಾಲೆಯ ಕಟ್ಟಡ ಕುಸಿದು ಏಳು ಮಕ್ಕಳು ಜೀವ ಕಳೆದುಕೊಂಡರು. ಅದರ ಬೆನ್ನಿಗೆ ಕೇಂದ್ರ ಶಿಕ್ಷಣ ಸಚಿವಾಲಯವು ಎಲ್ಲ ರಾಜ್ಯಗಳ ಶಾಲಾ ಕಟ್ಟಡಗಳ ಸುರಕ್ಷತಾ ತಪಾಸಣೆಗೆ ಸೂಚಿಸಿತು. ಸುರಕ್ಷಿತ ಶಾಲೆಯು ಮಗುವಿನ ಶಿಕ್ಷಣದ ಹಕ್ಕಿನ ಭಾಗವೇ ಹೌದೆಂದು ಸುಪ್ರೀಂ ಕೋರ್ಟು 2009ರಲ್ಲಿಯೇ ಅವಿನಾಶ ಮೆಹರೋತ್ರಾ ಪ್ರಕರಣದಲ್ಲಿ ಹೇಳಿದೆ.

ನಮ್ಮ ಕನ್ನಡ ಶಾಲೆಗಳಿಗೆ ಇನ್ನೊಂದು ಆತಂಕವೂ ಇದೆ. ಎರಡು ಕೋಣೆಗಳ ಶಾಲೆಯಲ್ಲಿ ಒಂದು ಕೋಣೆ ಮುಚ್ಚಿದರೆ ಮಕ್ಕಳು ಜಗುಲಿಗೆ ಬರುತ್ತಾರೆ. ಮುಂದಿನ ವರ್ಷ ಪಾಲಕರು ಪಕ್ಕದ ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಹೆಸರು ಹಚ್ಚುತ್ತಾರೆ. ಪಟಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆಯೂ ಇಳಿಯುತ್ತದೆ. ಮರಾಠಿ ಶಾಲೆಯ ಕಟ್ಟಡ ಕೆಟ್ಟರೆ ಮಗುವು ಪಕ್ಕದೂರಿನ ಮರಾಠಿ ಶಾಲೆಗೆ ಹೋಗಬಹುದು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಮುಂದಿನ ಕನ್ನಡ ಶಾಲೆ ನಡೆದುಹೋಗುವ ದಾರಿಯಲ್ಲಿಲ್ಲ. ಆದ್ದರಿಂದ ಒಂದು ಛಜ್ಜಾದ ದುರಸ್ತಿಯೂ ನಮಗೆ ಭಾಷೆಯ ಪ್ರಶ್ನೆಯಾಗುತ್ತದೆ.

ನಿರ್ಧರಿಸುವವರು ಯಾರು?

ಶಿಕ್ಷಣ ಹಕ್ಕು ಕಾಯ್ದೆ 2009ರ 21ನೆಯ ಕಲಮಿನಂತೆ ಶಾಲಾ ವ್ಯವಸ್ಥಾಪನ ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕನೆಯ ಮೂರು ಭಾಗ ಪಾಲಕರಿರಬೇಕು. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲಾ ವಿಕಾಸ ಯೋಜನೆ ಸಿದ್ಧಪಡಿಸುವುದು, ಅನುದಾನದ ಬಳಕೆಯ ಮೇಲೆ ನಿಗಾ ಇಡುವುದು ಈ ಸಮಿತಿಯ ಕೆಲಸ. ಆದರೆ 2012ರ ತಿದ್ದುಪಡಿಯ ನಂತರ ಅನುದಾನಿತ ಶಾಲೆಗಳಲ್ಲಿಯೂ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಲ್ಲಿಯೂ ಈ ಸಮಿತಿಗೆ ಸಲಹೆ ನೀಡುವ ಅಧಿಕಾರ ಮಾತ್ರ ಇದೆ. ಅಲ್ಲಿ ಕಟ್ಟಡದ ಹೊಣೆ ಶಾಲೆ ನಡೆಸುವ ಸಂಸ್ಥೆಯದು.

ಜಿಲ್ಲಾ ಪರಿಷತ್ತಿನ ಶಾಲೆಯ ಕಟ್ಟಡವು ಸರಕಾರಿ ಆಸ್ತಿ. ಸುಣ್ಣ ಬಳಿಸುವುದು, ಬಾಗಿಲಿನ ಚಿಲಕ ಸರಿಪಡಿಸುವುದು ಸಮಿತಿಯ ಮಟ್ಟದಲ್ಲಿ ನಡೆಯುತ್ತದೆ. ಆದರೆ ಸ್ಲ್ಯಾಬು, ತೊಲೆ, ಕಂಬ, ಛಜ್ಜಾ, ಭಾರ ಹೊತ್ತ ಗೋಡೆ ಇವುಗಳಿಗೆ ಸುತ್ತಿಗೆ ತಾಗಿಸುವ ಮುನ್ನ ಬಾಂಧಕಾಮ ವಿಭಾಗದ ಅಭಿಯಂತರು ಸ್ಥಳಕ್ಕೆ ಬಂದು ನೋಡಿ ಲಿಖಿತ ಅಭಿಪ್ರಾಯ ಕೊಡಬೇಕು. ದುರಸ್ತಿಗೆ ಮೀರಿದ ಕೋಣೆಯನ್ನು ಕೆಡವಲು 'ನಿರ್ಲೇಖನ' ಎಂಬ ಪ್ರತ್ಯೇಕ ಮಂಜೂರಾತಿ ಬೇಕಾಗುತ್ತದೆ.

ಹಣದ ಮಿತಿಯನ್ನೂ ತಿಳಿದಿರಬೇಕು. ಸಮಗ್ರ ಶಿಕ್ಷಾ ಯೋಜನೆಯ ಸಂಯುಕ್ತ ಶಾಲಾ ಅನುದಾನ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ, 101ರಿಂದ 250 ಮಕ್ಕಳಿದ್ದರೆ 50,000 ರೂಪಾಯಿ. ವಿದ್ಯುತ್ ಬಿಲ್ಲು, ಸ್ವಚ್ಛತೆ, ಖಡು ಎಲ್ಲವೂ ಇದರಲ್ಲಿಯೇ ಆಗಬೇಕು. ದೊಡ್ಡ ಕಾಂಕ್ರೀಟ್ ದುರಸ್ತಿ ಈ ಹಣದಲ್ಲಿ ಆಗದು. ಅದಕ್ಕೆ ಜಿಲ್ಲಾ ಪರಿಷತ್ತು ಅಥವಾ ಗ್ರಾಮ ಪಂಚಾಯತಿಯಿಂದ ಬೇರೆ ಅನುದಾನ ಕೇಳುವುದೇ ಸರಿಯಾದ ಮಾರ್ಗ. ಸಣ್ಣ ಹಣದಲ್ಲಿ ದೊಡ್ಡ ಕೆಲಸ ಮುಗಿಸಲು ಹೋದಾಗಲೇ ತುಕ್ಕಿನ ಮೇಲೆ ಗಿಲಾವು ಬೀಳುತ್ತದೆ.

ಕಟ್ಟಡ ಏಕೆ ಕೆಡುತ್ತದೆ?

ಮಂಗಳವೇಢೆಯ ಜೋಳಕ್ಕೆ ಹೆಸರು ತಂದುಕೊಟ್ಟ ಎರೆಭೂಮಿಯೇ ನಮ್ಮ ಕಟ್ಟಡಗಳಿಗೆ ಮೊದಲ ವೈರಿ. ಎರೆಮಣ್ಣು ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಪಾಯ ಆಳವಿಲ್ಲದಿದ್ದರೆ ಗೋಡೆಯೂ ಅದರೊಡನೆ ಏಳುತ್ತದೆ, ಇಳಿಯುತ್ತದೆ. ಬಾಗಿಲು ಕಿಟಕಿಗಳ ಮೂಲೆಯಿಂದ ಹೊರಡುವ ಓರೆ ಸೀಳುಗಳು ಹೆಚ್ಚಾಗಿ ಇದರ ಗುರುತು. ಇಂಥ ಸೀಳಿಗೆ ಸಿಮೆಂಟು ತುಂಬಿದರೆ ಮುಂದಿನ ವರ್ಷ ಅದು ಅಲ್ಲಿಯೇ ಮತ್ತೆ ಬಾಯಿಬಿಡುತ್ತದೆ. ಮೊದಲು ಮಾಡಬೇಕಾದುದು ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಸುತ್ತಲೂ ಇಳಿಜಾರಿನ ಫರಸಿ ಹಾಕಿಸಿ ಗಟಾರಕ್ಕೆ ದಾರಿ ಕೊಡುವುದು.

ಎರಡನೆಯ ವೈರಿ ತುಕ್ಕು. ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಅದರ ಮೇಲಿನ ಸಿಮೆಂಟಿನ ಹೊದಿಕೆ ಕಾಯುತ್ತದೆ. ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ ಸೌಮ್ಯ ಹವೆಯಲ್ಲಿಯೂ ಈ ಹೊದಿಕೆ 20 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಕಂಬಗಳಿಗೆ ಸಾಮಾನ್ಯವಾಗಿ 40 ಮಿಲಿಮೀಟರು. ಹೊದಿಕೆ ತೆಳುವಾಗಿದ್ದರೆ ಅಥವಾ ಸ್ಲ್ಯಾಬು ಸೋರುತ್ತಿದ್ದರೆ ಸಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಹೊದಿಕೆ ಸಿಡಿದು ಕಳಚುತ್ತದೆ. ಬಿದ್ದ ಹೆಂಟೆ ರೋಗದ ಲಕ್ಷಣ. ರೋಗವಿರುವುದು ಒಳಗಿನ ಸಳಿಯಲ್ಲಿ.

ಪಾಲಕರೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಸಣ್ಣ ಸುತ್ತಿಗೆಯಿಂದ ಗೋಡೆ ಅಥವಾ ಕಂಬವನ್ನು ಮೆಲ್ಲನೆ ತಟ್ಟಿದಾಗ ಗಟ್ಟಿ ಸದ್ದಿನ ಬದಲು ಪೊಳ್ಳು ಸದ್ದು ಬಂದರೆ ಹೊದಿಕೆ ಒಳಗಿನಿಂದ ಬಿಟ್ಟಿದೆ ಎಂದರ್ಥ. ಸೀಳಿಗೆ ಅಡ್ಡಲಾಗಿ ತೆಳುಗಾಜಿನ ಪಟ್ಟಿಯನ್ನು ಎರಡೂ ಬದಿಗೆ ಭದ್ರವಾಗಿ ಅಂಟಿಸಿ ದಿನಾಂಕ ಬರೆದಿಟ್ಟರೆ, ಸೀಳು ಬೆಳೆಯುತ್ತಿದ್ದಲ್ಲಿ ಗಾಜು ಒಡೆಯುತ್ತದೆ. ಸಡಿಲಾದ ಸ್ಲ್ಯಾಬಿನ ಕೆಳಗೆ ನಿಂತು ತಟ್ಟುವ ಸಾಹಸ ಬೇಡ. ಅಂಥ ಕೋಣೆಗೆ ಬೀಗ ಹಾಕಿ ಅಭಿಯಂತರಿಗೆ ಬರೆಯಬೇಕು.

ಕೊಯ್ಯುವುದು ಮತ್ತು ಒಡೆಯುವುದು ಒಂದೇ ಅಲ್ಲ

ಅಂಗವಿಕಲ ಮಕ್ಕಳ ಇಳಿಜಾರು ದಾರಿಗಾಗಿ ಮೆಟ್ಟಿಲು ತೆಗೆಯುವುದು, ಕೊಳವೆಗೆ ತೂತು ಕೊರೆಯುವುದು, ಗೋಡೆಯಲ್ಲಿ ಹೊಸ ಬಾಗಿಲು ಮಾಡುವುದು, ಅಪಾಯದ ಛಜ್ಜಾ ಇಳಿಸುವುದು, ಇವೆಲ್ಲ ಕೊಯ್ಯುವ ಕೆಲಸಗಳು. ಭಾರದ ಸುತ್ತಿಗೆ ಅಥವಾ ಬ್ರೇಕರಿನಿಂದ ಒಡೆದಾಗ ಪೆಟ್ಟಿನ ಅದುರು ಇಡೀ ಗೋಡೆಗೆ ಹರಡುತ್ತದೆ. ಹಳೆಯ ಗಾರೆಯ ಗೋಡೆಯಲ್ಲಿ ಹೊಸ ಸೀಳುಗಳು ಹುಟ್ಟುತ್ತವೆ. ವಜ್ರದ ಹರಳು ಕೂರಿಸಿದ ಗರಗಸದ ಚಕ್ರವು ನೀರು ಹರಿಸುತ್ತ ಕೊಯ್ಯುತ್ತದೆ. ಅದುರು ಕಡಿಮೆ, ಅಂಚು ನೇರ. ಕೊಳವೆಯ ತೂತಿಗೆ ಕೋರ್ ಕಟ್ಟರ್ ಯಂತ್ರವಿದೆ. ಇಂಥ ಯಂತ್ರ ಊರ ಗುತ್ತಿಗೆದಾರನ ಬಳಿ ಇರದಿದ್ದರೆ ಸೊಲ್ಲಾಪುರ ಅಥವಾ ವಿಜಯಪುರದಿಂದ ಬಾಡಿಗೆಗೆ ತರಿಸಬಹುದೇ ಎಂದು ಕೇಳಬೇಕು. ಆ ಬಾಡಿಗೆ ದರಪತ್ರಕದಲ್ಲಿ ಪ್ರತ್ಯೇಕ ಸಾಲಾಗಿ ಬರಬೇಕು.

ಯಂತ್ರ ಯಾವುದಾದರೂ ಮೂರು ವಿಷಯಗಳನ್ನು ಗುತ್ತಿಗೆದಾರನು ಮೊದಲೇ ಹೇಳಬಲ್ಲವನಾಗಿರಬೇಕು.

ಒಂದು, ಸಳಿ ಎಲ್ಲಿದೆ? ಸಾಮಾನ್ಯ ಸ್ಲ್ಯಾಬಿನ ನಡುಭಾಗದಲ್ಲಿ ಮುಖ್ಯ ಸಳಿ ಕೆಳಮೈಯಲ್ಲಿರುತ್ತದೆ. ಹೊರಗೆ ಚಾಚಿದ ಛಜ್ಜಾದಲ್ಲಿ ಅದು ಮೇಲ್ಮೈಯಲ್ಲಿರುತ್ತದೆ. ಛಜ್ಜಾದ ಬುಡದಲ್ಲಿ ಮೇಲಿನಿಂದ ಕೊಯ್ದರೆ ಅದನ್ನು ಹಿಡಿದಿರುವ ಸಳಿಯೇ ತುಂಡಾಗಿ ಇಡೀ ಛಜ್ಜಾ ಒಮ್ಮೆಗೇ ಬೀಳುತ್ತದೆ. ಆದ್ದರಿಂದ ಕೆಳಗೆ ಆಧಾರದ ಕಂಬ ಕೊಟ್ಟು, ಹೊರತುದಿಯಿಂದ ಗೋಡೆಯ ಕಡೆಗೆ ತುಂಡುತುಂಡಾಗಿ ಇಳಿಸಬೇಕು. ಛಜ್ಜಾದ ಮೇಲಿನ ಗೋಡೆ ಅದನ್ನು ಒತ್ತಿ ಹಿಡಿದಿರುತ್ತದೆ. ಆ ಗೋಡೆಯನ್ನು ಮೊದಲು ಕೆಡವಿದರೂ ಛಜ್ಜಾ ಮಗುಚುತ್ತದೆ.

ಎರಡು, ಭಾರ ಎಲ್ಲಿಗೆ ಹೋಗುತ್ತದೆ? ಗೋಡೆಯಲ್ಲಿ ಬಾಗಿಲು ಕೊಯ್ಯುವ ಮುನ್ನ ಮೇಲಿನ ಭಾರ ಹೊರಲು ಲಿಂಟೆಲ್ ಕೂರಬೇಕು, ಅದು ಗಟ್ಟಿಯಾಗುವವರೆಗೆ ಆಧಾರಗಳಿರಬೇಕು. ಎರಡು ಕೋಣೆ ಕೂಡಿಸಿ ಸಭಾಗೃಹ ಮಾಡುವ ಆಸೆಯಿಂದ ನಡುಗೋಡೆ ತೆಗೆಯುವ ಮಾತು ಬಂದರೆ ಅಭಿಯಂತರ ನಕ್ಷೆಯಿಲ್ಲದೆ ಒಪ್ಪಲೇಬಾರದು.

ಮೂರು, ಧೂಳು ಎಲ್ಲಿಗೆ ಹೋಗುತ್ತದೆ? ಕಾಂಕ್ರೀಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಕೆಡಿಸುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿಯೇ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಒಣ ಗ್ರೈಂಡರಿನಿಂದ ಕೊಯ್ಯುವುದಕ್ಕಿಂತ ನೀರು ಹಾಯಿಸಿ ಕೊಯ್ಯುವುದು ಮೇಲು. ಶಾಲೆ ನಡೆದಿರುವಾಗ, ಪಕ್ಕದ ಕೋಣೆಯಲ್ಲಿ ಮಕ್ಕಳಿರುವಾಗ ಈ ಕೆಲಸ ಕೂಡದು.

ದುರಸ್ತಿಯ ಹಂತಗಳು

ತುಕ್ಕು ಹಿಡಿದ ಭಾಗದ ದುರಸ್ತಿಗೆ ಕ್ರಮವಿದೆ. ಮೊದಲು ಕೆಳಗೆ ಆಧಾರ ಕೊಡಬೇಕು. ಕೆಟ್ಟ ಭಾಗದ ಸುತ್ತ ಯಂತ್ರದಿಂದ ನೇರ ಗೆರೆ ಕೊಯ್ದು, ಸಡಿಲ ಕಾಂಕ್ರೀಟನ್ನು ಸಳಿಯ ಹಿಂಬದಿಗೂ ಬೆರಳು ಆಡುವಷ್ಟು ತೆಗೆಯಬೇಕು. ಸಳಿಯನ್ನು ತಂತಿಯ ಬ್ರಷ್ಷಿನಿಂದ ಹೊಳೆಯುವವರೆಗೆ ಉಜ್ಜಬೇಕು. ಸಳಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಸವೆದಿದ್ದರೆ ಅಭಿಯಂತರು ಸಾಮಾನ್ಯವಾಗಿ ಹೊಸ ಸಳಿ ಜೋಡಿಸಲು ಹೇಳುತ್ತಾರೆ. ಬಳಿಕ ತುಕ್ಕು ತಡೆಯುವ ಲೇಪ, ಹಳೆಯದಕ್ಕೂ ಹೊಸದಕ್ಕೂ ಬೆಸುಗೆಯಾಗುವ ದ್ರಾವಣ, ಅದರ ಮೇಲೆ ಪಾಲಿಮರ್ ಬೆರೆಸಿದ ಗಾರೆಯನ್ನು ಪದರಪದರವಾಗಿ ತುಂಬುವುದು. ಕೊನೆಯದಾಗಿ ಸೋರಿಕೆಯ ಮೂಲವನ್ನು ಸ್ಲ್ಯಾಬಿನ ಮೇಲ್ಗಡೆ ಮುಚ್ಚುವುದು. ಇದೊಂದನ್ನು ಬಿಟ್ಟರೆ ಮೇಲಿನದೆಲ್ಲ ವ್ಯರ್ಥ.

ಇಲ್ಲಿನ ತೊಡಕು ಎಂದರೆ, ಗಿಲಾವು ಬಿದ್ದ ಮೇಲೆ ಒಳಗೆ ಏನು ಮಾಡಿದ್ದಾರೆಂದು ಯಾರಿಗೂ ಕಾಣದು. ಆದ್ದರಿಂದ ಮುಚ್ಚುವ ಮುನ್ನ ನೋಡುವ ಹಕ್ಕನ್ನು ಕರಾರಿನಲ್ಲಿಯೇ ಬರೆಸಬೇಕು. ಒಡೆದ ಮೇಲೆ, ಉಜ್ಜಿದ ಮೇಲೆ, ಲೇಪ ಹಚ್ಚಿದ ಮೇಲೆ ಮೂರು ಬಾರಿ ಛಾಯಾಚಿತ್ರ ತೆಗೆದು ಸಮಿತಿಯ ಇಬ್ಬರು ಸದಸ್ಯರು ಒಪ್ಪಿದ ನಂತರವೇ ಮುಂದಿನ ಹಂತ.

ಹೊಸ ಕಾಂಕ್ರೀಟು ಹಾಕುವಲ್ಲಿ ನೀರಿನ ಲೆಕ್ಕವನ್ನೂ ಕೇಳಬೇಕು. ಎಂ-20 ದರ್ಜೆಯ ಸಾಮಾನ್ಯ ಮಿಶ್ರಣದಲ್ಲಿ 50 ಕಿಲೋ ಸಿಮೆಂಟಿನ ಒಂದು ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಬೇಡವೆಂದು ಮಾನಕ ಹೇಳುತ್ತದೆ. ಕೆಲಸ ಸುಲಭವಾಗಲೆಂದು ಬಕೆಟ್ಟಿನಿಂದ ಸುರಿದ ಹೆಚ್ಚುವರಿ ನೀರು ಕಾಂಕ್ರೀಟನ್ನು ಪೊಳ್ಳಾಗಿಸುತ್ತದೆ. ಸವಳು ನೀರಿನ ಕೊಳವೆಬಾವಿ ಇರುವಲ್ಲಿ ಆ ನೀರನ್ನು ಪರೀಕ್ಷಿಸದೆ ಬಳಸಬಾರದು. ಕಬ್ಬಿಣವಿರುವ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಕೂಡದು.

ಮೇ ತಿಂಗಳೋ, ದೀಪಾವಳಿಯೋ?

ಶಾಲೆಯ ದುರಸ್ತಿ ಎಂದರೆ ಬೇಸಿಗೆಯ ರಜೆ ಎಂಬುದು ರೂಢಿ. ಆದರೆ ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕುಡಿಯುವ ನೀರಿಗೇ ಟ್ಯಾಂಕರಿನ ದಾರಿ ಕಾಯುವ ಹಳ್ಳಿಗಳಿವೆ. ಕಾಂಕ್ರೀಟಿಗೆ ಕನಿಷ್ಠ 7 ದಿನ, ಬಿಸಿಲಿನ ಒಣಹವೆಯಲ್ಲಿ ಅಥವಾ ಬೂದಿ ಬೆರೆತ ಸಿಮೆಂಟು ಬಳಸಿದಾಗ ಕನಿಷ್ಠ 10 ದಿನ ಸತತ ತೇವ ಬೇಕೆಂದು ಐಎಸ್ 456 ವಿಧಿಸುತ್ತದೆ. ಮನುಷ್ಯರಿಗೇ ನೀರಿಲ್ಲದಾಗ ಸ್ಲ್ಯಾಬಿಗೆ ನೀರುಣಿಸುವವರಾರು? ನೀರು ಕಾಣದ ಕಾಂಕ್ರೀಟು ನೋಡಲು ಗಟ್ಟಿ, ಬಲದಲ್ಲಿ ಅರೆಬೆಂದ ರೊಟ್ಟಿ.

ಸೊಲ್ಲಾಪುರ ಜಿಲ್ಲೆಯಲ್ಲಿ ಸೆಪ್ಟೆಂಬರಿನಲ್ಲಿಯೇ ಮಳೆ ಹೆಚ್ಚು. ಆಗ ಸೋರುವ ಜಾಗಗಳನ್ನು ಸೀಮೆಸುಣ್ಣದಿಂದ ಗುರುತಿಸಿಟ್ಟು, ದೀಪಾವಳಿ ರಜೆಯಲ್ಲಿ ಕಾಂಕ್ರೀಟ್ ಕೆಲಸ ಮಾಡಿಸುವುದು ಹೆಚ್ಚು ವಿವೇಕದ್ದು. ಬಾವಿಯಲ್ಲಿ ನೀರಿರುತ್ತದೆ, ಬಿಸಿಲು ಹದವಾಗಿರುತ್ತದೆ. ಬೇಸಿಗೆಯಲ್ಲಿಯೇ ಅನಿವಾರ್ಯವಾದರೆ ನೀರಿನ ಟ್ಯಾಂಕರು, ಒದ್ದೆ ಗೋಣಿತಟ್ಟು, ದಿನಕ್ಕೆ ಎಷ್ಟು ಸಲ ನೀರು, ಯಾರ ಹೊಣೆ ಎಂಬುದು ಕರಾರಿನಲ್ಲಿ ಬರಬೇಕು. ಆಧಾರದ ಕಂಬಗಳನ್ನು ಅವಸರದಿಂದ ಬಿಚ್ಚಬಾರದು: ಮಾನಕದಂತೆ 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕೂ ಅಗಲವಾದುದಕ್ಕೆ 14 ದಿನ. 6 ಮೀಟರ್‌ವರೆಗಿನ ತೊಲೆಗೆ 14 ದಿನ, ಅದಕ್ಕೂ ಉದ್ದವಾದುದಕ್ಕೆ 21 ದಿನ.

ಗುತ್ತಿಗೆದಾರನನ್ನು ಆರಿಸುವ ಬಗೆ

ಕನಿಷ್ಠ ಮೂವರಿಂದ ದರ ಪಡೆಯಬೇಕು. ಆದರೆ ಕೊನೆಯ ಮೊತ್ತವನ್ನಷ್ಟೇ ಹೋಲಿಸಿದರೆ ಸಾಲದು. ಒಬ್ಬನು 'ಸ್ಲ್ಯಾಬು ದುರಸ್ತಿ, ಒಟ್ಟು ಇಷ್ಟು' ಎಂದು ಒಂದೇ ಸಾಲು ಬರೆದಿದ್ದರೆ, ಇನ್ನೊಬ್ಬನು ಒಡೆಯುವುದು, ಸಳಿ ಉಜ್ಜುವುದು, ಲೇಪ, ಗಾರೆ, ರಾಡಿ ಸಾಗಿಸುವುದು ಎಂದು ಬಿಡಿಸಿ ಬರೆದಿದ್ದರೆ, ಎರಡನೆಯವನ ಮೊತ್ತ ಹೆಚ್ಚಿದ್ದರೂ ಅವನೇ ಅಗ್ಗ. ಎರಡು ಮಳೆಗಾಲ ಕಂಡ ಅವನ ಹಳೆಯ ಕೆಲಸವನ್ನು ಹೋಗಿ ನೋಡಬೇಕು. ಹೊಸ ಬಣ್ಣದ ಕೆಲಸ ಏನನ್ನೂ ಹೇಳುವುದಿಲ್ಲ. ಗವಂಡಿ ಒಳ್ಳೆಯವನಾದ ಮಾತ್ರಕ್ಕೆ ಕಾಂಕ್ರೀಟ್ ದುರಸ್ತಿ ಬಲ್ಲನೆಂದಲ್ಲ. ಗೋಡೆ ಕಟ್ಟುವ ಕೈಗಾರಿಕೆ ಬೇರೆ, ಕೆಟ್ಟ ಸ್ಲ್ಯಾಬಿಗೆ ಚಿಕಿತ್ಸೆ ಮಾಡುವುದು ಬೇರೆ.

ಹಣವನ್ನು ಹಂತಹಂತವಾಗಿ ಕೊಡಬೇಕು: ಸಾಮಗ್ರಿ ಬಂದಾಗ ಒಂದು ಪಾಲು, ಸಳಿ ಉಜ್ಜಿ ತೋರಿಸಿದಾಗ ಒಂದು ಪಾಲು, ಕೆಲಸ ಮುಗಿದು ನೀರುಣಿಸುವ ದಿನಗಳು ಪೂರ್ತಿಯಾದಾಗ ಒಂದು ಪಾಲು. ನೂರಕ್ಕೆ ಹತ್ತರಷ್ಟನ್ನು ಮುಂದಿನ ಮಳೆಗಾಲ ಕಳೆಯುವವರೆಗೆ ಹಿಡಿದಿಡುವ ಮಾತನ್ನು ನಿಯಮದೊಳಗೆ ಸಾಧ್ಯವಿದ್ದಲ್ಲಿ ಬರೆಸಬೇಕು.

ದುಡಿಯುವವರ ಸುರಕ್ಷತೆಯೂ ಅದೇ ಕಾಗದದಲ್ಲಿರಬೇಕು. ಮಂಗಳವೇಢೆಯವರಿಗೆ ಇದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಸಂತ ಚೋಖಾಮೇಳನು 1338ರಲ್ಲಿ ಇದೇ ಊರಿನಲ್ಲಿ ಕೋಟೆಗೋಡೆಯ ಕೂಲಿ ಕೆಲಸಕ್ಕೆ ಬಂದಾಗ ಗೋಡೆ ಕುಸಿದು ಇತರ ಕೂಲಿಕಾರರೊಡನೆ ಮಡಿದನು. ತಲೆಗೆ ಶಿರಸ್ತ್ರಾಣ, ಮೂಗಿಗೆ ಮುಖಗವಸು, ಭದ್ರ ಅಟ್ಟಣಿಗೆ ಇವು ಗುತ್ತಿಗೆದಾರನ ಹೊಣೆಯೆಂದು ಬರೆಯದಿದ್ದರೆ ಆ ಖರ್ಚು ಮೊದಲು ಉಳಿತಾಯವಾಗುತ್ತದೆ.

ಕಾಗದದ ಭಾಷೆ

ನಮ್ಮ ಶಾಲೆಗಳ ಕಟ್ಟಡದ ಕಾಗದಗಳೆಲ್ಲ ಮರಾಠಿಯಲ್ಲಿ ಬರುತ್ತವೆ. ಮನೆಯಲ್ಲಿ ಕನ್ನಡ ಆಡುವ, ಕನ್ನಡ ಶಾಲೆಯಲ್ಲಿ ಕಲಿತ ತಾಯಿಯೊಬ್ಬಳು ಸಮಿತಿಯ ಸದಸ್ಯಳಾಗಿ ಸಹಿ ಮಾಡುವಾಗ ತಾನು ಒಪ್ಪುತ್ತಿರುವುದು ಏನೆಂದು ಆಕೆಗೆ ತಿಳಿದಿರಬೇಕು. ಈ ಪದಗಳನ್ನು ನೆನಪಿಡೋಣ:

ದರಪತ್ರಕ: ಗುತ್ತಿಗೆದಾರನು ಕೊಡುವ ದರಗಳ ಪಟ್ಟಿ.
ಅಂದಾಜಪತ್ರಕ: ಅಭಿಯಂತರು ಮಾಡಿದ ಖರ್ಚಿನ ಅಂದಾಜು. ಯಾವ ಕೆಲಸ, ಎಷ್ಟು ಅಳತೆ ಎಂಬುದು ಇದರಲ್ಲಿಯೇ ಇರುತ್ತದೆ.
ತಾಂತ್ರಿಕ ಮಾನ್ಯತಾ, ಪ್ರಶಾಸಕೀಯ ಮಾನ್ಯತಾ: ಕೆಲಸದ ವಿಧಾನಕ್ಕೂ ಖರ್ಚಿಗೂ ಸಿಗುವ ಎರಡು ಬೇರೆ ಮಂಜೂರಾತಿಗಳು.
ಕಾರ್ಯಾರಂಭ ಆದೇಶ: ಕೆಲಸ ಶುರು ಮಾಡಲು ಅಪ್ಪಣೆ. ಇದಿಲ್ಲದೆ ಸುತ್ತಿಗೆ ಎತ್ತಬಾರದು.
ಮೋಜಮಾಪ ಪುಸ್ತಿಕಾ: ನಿಜವಾಗಿ ಆದ ಕೆಲಸದ ಅಳತೆ ಬರೆಯುವ ಪುಸ್ತಕ.
ದೇಯಕ: ಬಿಲ್ಲು.
ಪೂರ್ಣತ್ವಾಚಾ ದಾಖಲಾ: ಕೆಲಸ ಮುಗಿದ ಪ್ರಮಾಣಪತ್ರ.
ಧೋಕಾದಾಯಕ: ಅಪಾಯಕಾರಿ. ಕೋಣೆಯ ಗೋಡೆಯ ಮೇಲೆ ಈ ಪದ ಬರೆದಿದ್ದರೆ ಮಕ್ಕಳನ್ನು ಒಳಗೆ ಬಿಡಬಾರದು.

ಯಾವ ಜಿಲ್ಲೆ ಅಥವಾ ತಾಲೂಕಿನಲ್ಲಿ ಭಾಷಾ ಅಲ್ಪಸಂಖ್ಯಾತರು ನೂರಕ್ಕೆ 15ರಷ್ಟಿರುವರೋ ಅಲ್ಲಿ ಮುಖ್ಯ ನಿಯಮ, ಸೂಚನೆಗಳನ್ನು ಅವರ ಭಾಷೆಯಲ್ಲಿಯೂ ಪ್ರಕಟಿಸಬೇಕೆಂಬುದು ರಾಷ್ಟ್ರಮಟ್ಟದಲ್ಲಿ ಒಪ್ಪಿತವಾದ ರಕ್ಷಣಾ ಕ್ರಮ. ಅದು ಅಂದಾಜಪತ್ರಕದವರೆಗೆ ಇಳಿದುಬರುವವರೆಗೆ ನಾವು ಕಾಯಬೇಕಾಗಿಲ್ಲ. ಮುಖ್ಯಾಧ್ಯಾಪಕರು ಸಭೆಯಲ್ಲಿ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿ, ಅದರ ಒಂದು ಪುಟದ ಕನ್ನಡ ಸಾರಾಂಶವನ್ನು ಸೂಚನಾ ಫಲಕಕ್ಕೆ ಹಚ್ಚಿ, ಠರಾವಿನಲ್ಲಿ ಹಾಗೆಂದು ದಾಖಲಿಸಿದರೆ ಸಾಕು.

ಕೆಲಸದ ಬಗ್ಗೆ ಸಂಶಯ ಬಂದರೆ ಮಾಹಿತಿ ಹಕ್ಕು ಕಾಯ್ದೆ 2005 ಇದೆ. ಅದರ 2(ಜೆ) ಕಲಮಿನಂತೆ ಕಾಗದದ ಪ್ರತಿ ಪಡೆಯುವುದಷ್ಟೇ ಅಲ್ಲ, ಕೆಲಸವನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣಿತ ನಮೂನೆ ಪಡೆಯುವ ಹಕ್ಕೂ ನಾಗರಿಕರಿಗಿದೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರದ ಅವಧಿ 30 ದಿನ. ಅರ್ಜಿ ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕಾದ್ದರಿಂದ ಮರಾಠಿ ಬಲ್ಲ ಪಾಲಕರೊಬ್ಬರನ್ನು ಸಮಿತಿ ಇದಕ್ಕಾಗಿ ಗೊತ್ತುಮಾಡಿಕೊಳ್ಳಬೇಕು.

ಪಾಲಕರು ಕಟ್ಟಡದ ಕೆಲಸ ನೋಡಿಕೊಳ್ಳಬಲ್ಲರೇ ಎಂದು ಸಂದೇಹಿಸುವವರಿಗೆ ನೆರೆಯ ಜಿಲ್ಲೆಗಳ ಉದಾಹರಣೆ ಇದೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರ ಲಾತೂರು, ಉಸ್ಮಾನಾಬಾದ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗಳ ದುರಸ್ತಿ ಕಾರ್ಯಕ್ರಮ ನಡೆದಾಗ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆಯ ಮೂಲಕ ಹಳ್ಳಿಯ ಮಹಿಳೆಯರೇ 'ಸಂವಾದ ಸಹಾಯಕ'ರಾಗಿ ತರಬೇತಿ ಪಡೆದರು. ಮನೆಯವರಿಗೂ ಅಧಿಕಾರಿಗಳಿಗೂ ನಡುವೆ ನಿಂತು, ಕೆಲಸ ಹೇಗಾಗಬೇಕೆಂದು ಜನರಿಗೆ ತಿಳಿಸಿದರು. ಅವರು ಅಭಿಯಂತರಾಗಿರಲಿಲ್ಲ, ಏನು ಕೇಳಬೇಕೆಂಬುದನ್ನು ಕಲಿತಿದ್ದರು.

ಮುಂದಿನ ಸಮಿತಿ ಸಭೆಯಲ್ಲಿ ಪಾಲಕರು ಮೂರು ಕೆಲಸ ಮಾಡಬಹುದು. ಶಾಲೆಯ ಪ್ರತಿ ಕೋಣೆಯನ್ನು ಸುತ್ತಿ ನೋಡಿ ಸೀಳು, ಸೋರಿಕೆ, ಕಾಣುವ ಸಳಿಗಳ ಪಟ್ಟಿ ಮಾಡುವುದು. ಆ ಪಟ್ಟಿಯನ್ನು ಠರಾವಿನೊಡನೆ ಗಟಶಿಕ್ಷಣಾಧಿಕಾರಿಗಳಿಗೂ ಬಾಂಧಕಾಮ ಉಪವಿಭಾಗಕ್ಕೂ ಕಳಿಸಿ ಪೋಚ ಪಡೆಯುವುದು. ದುರಸ್ತಿಯ ಕಾಗದ ಬಂದಾಗ ಅದನ್ನು ಕನ್ನಡದಲ್ಲಿ ಓದಿಸದೆ ಸಹಿ ಮಾಡದಿರುವುದು. ಮೂರಕ್ಕೂ ಖರ್ಚಿಲ್ಲ. ಒಳ್ಳೆಯ ಗುತ್ತಿಗೆದಾರನು ಇದರಿಂದ ಬೇಸರಪಡುವುದಿಲ್ಲ. ತನ್ನ ಕೆಲಸವನ್ನು ನೋಡಿ ತಿಳಿಯುವವರಿದ್ದಾರೆಂದು ಅವನಿಗೂ ಸಮಾಧಾನವೇ.